ಸ್ಕೂಟರ್ ಏರು ಹತ್ತದಿದ್ದರೆ ಇಂಜಿನ್ನಿಗೆ ಕೈ ಹಾಕುವ ಮೊದಲು

ಹಳ್ಳಿಯಲ್ಲಿ ಸ್ಕೂಟರ್ ಎಳೆಯುತ್ತಿಲ್ಲ ಎಂದರೆ ಸಾಕು, ಸುತ್ತ ನಿಂತವರಲ್ಲಿ ಒಬ್ಬರು ‘ಇಂಜಿನ್ ಹೋಗಿದೆ’ ಅನ್ನುತ್ತಾರೆ. ಇನ್ನೊಬ್ಬರು ‘ಬೋರ್ ಮಾಡಿಸ್ಬೇಕು’ ಅನ್ನುತ್ತಾರೆ. ಮೂರನೆಯವರು ‘ಕೊಟ್ಟು ಬೇರೆ ತಗೊಳ್ಳಿ’ ಎಂದು ಮಾತು ಮುಗಿಸುತ್ತಾರೆ. ಮೂರೂ ದುಬಾರಿ ಸಲಹೆಗಳೇ. ಆದರೆ ಗಾಡಿಯ ಎಡಗಡೆ ಇರುವ ಉದ್ದನೆಯ ಕವರ್ ಬಿಚ್ಚಿ ಒಳಗೇನಿದೆ ಎಂದು ಮೂವರೂ ನೋಡಿರುವುದಿಲ್ಲ.

ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ನಾವು ಮೂವರು ಈ ಬಾರಿ ಆ ಕವರಿನ ಒಳಗಿನ ಕಥೆ ಬರೆಯುತ್ತಿದ್ದೇವೆ. ನಮ್ಮಲ್ಲಿ ಒಬ್ಬಳು ತೀರ್ಥಹಳ್ಳಿ ಕಡೆಯವಳು, ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬ ಕೋಲಾರದವನು. ಮೂರು ಮನೆಯಲ್ಲೂ 110 ಸಿಸಿಯ ಗೇರ್‌ಲೆಸ್ ಸ್ಕೂಟರ್ ಇದೆ. ಮೂರೂ ಗಾಡಿ ಕೆಲಸ ಮಾಡುವುದು ಒಂದೇ ರೀತಿ, ಆದರೆ ಓಡುವ ರಸ್ತೆ ಮಾತ್ರ ಬೇರೆ ಬೇರೆ. ಅದೇ ಈ ಬರಹದ ವಿಷಯ.

ಇದನ್ನು ಬರೆಯಲು ಕಾರಣ ತೀರ್ಥಹಳ್ಳಿಯ ನಮ್ಮ ಗೆಳತಿಯ ಅಮ್ಮ. ಅವರು ಆಶಾ ಕಾರ್ಯಕರ್ತೆ. ಮನೆಗಳು ಗುಡ್ಡಕ್ಕೊಂದು, ಕಣಿವೆಗೊಂದು ಇರುವ ಊರು. ಗರ್ಭಿಣಿಯರನ್ನು ನೋಡಲು, ಬಾಣಂತಿಯರನ್ನು ವಿಚಾರಿಸಲು, ಆಸ್ಪತ್ರೆಗೆ ವರದಿ ಕೊಡಲು ಅವರಿಗೆ ಇರುವ ಆಸರೆ ಒಂದು ಹಳೆಯ ಸ್ಕೂಟರ್. ಬಸ್ಸು ಬರುವುದು ದಿನಕ್ಕೆ ಎರಡೇ ಸಲ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಚಡಾವಿನಲ್ಲಿ ಉಸಿರು ಕಟ್ಟತೊಡಗಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ವೇಗ 15ಕ್ಕೆ ಇಳಿಯುತ್ತಿತ್ತು. ಹಿಂದೆ ಯಾರಾದರೂ ಕೂತಿದ್ದರೆ ಅವರು ಇಳಿದು ನಡೆಯಬೇಕಿತ್ತು.

ಪೇಟೆಯ ಒಂದು ಗ್ಯಾರೇಜಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಎರಡು ಸಲ ರೈಸ್ ಮಾಡಿ, ‘ಬೋರ್ ಪಿಸ್ಟನ್ ಹೋಗಿದೆ, 9,000 ಆಗುತ್ತೆ’ ಅಂದರು. ಗೌರವಧನದಲ್ಲಿ ಮನೆ ನಡೆಸುವವರಿಗೆ ಅದು ಸಣ್ಣ ಮೊತ್ತವಲ್ಲ. ಅಮ್ಮ ಗಾಡಿ ಮಾರುವ ಯೋಚನೆಗೆ ಬಂದಿದ್ದರು. ಗಾಡಿ ಮಾರಿದರೆ ಉಳಿಯುವುದು ನಡಿಗೆ. ನಡೆದುಕೊಂಡೇ ಎಂದರೆ ದಿನಕ್ಕೆ ಐದು ಮನೆ ನೋಡುವಲ್ಲಿ ಎರಡು ಮನೆ.

ಗೇರ್ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ

ಹಿಂದಿನ ಲ್ಯಾಂಬ್ರೆಟ್ಟಾ, ಚೇತಕ್ ಓಡಿಸಿದವರಿಗೆ ನೆನಪಿರಬಹುದು. ಎಡಗೈಯಲ್ಲಿ ಕ್ಲಚ್ ಹಿಡಿದು ಹಿಡಿಕೆಯನ್ನೇ ತಿರುಗಿಸಿ ಗೇರ್ ಹಾಕಬೇಕಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದ ಮೇಲೆ ಗೇರ್ ಹಾಕದ, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರ್ ನಮ್ಮಲ್ಲಿ ಹೆಸರು ಮಾಡಿತು. ಈ ಏರ್ಪಾಡು ಅದಕ್ಕೂ ಹಳೆಯದು. ನೆದರ್ಲೆಂಡ್ಸಿನ ಡಾಫ್ ಕಂಪನಿ 1958ರಲ್ಲೇ ರಬ್ಬರ್ ಬೆಲ್ಟಿನ ಮೇಲೆ ತಾನೇ ಗೇರ್ ಬದಲಿಸಿಕೊಳ್ಳುವ ಪುಟ್ಟ ಕಾರನ್ನು ಜನರ ಮುಂದಿಟ್ಟಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಕೈಗೆ ಗಾಡಿಯ ಕೀ ಬಂದದ್ದರಲ್ಲಿ ಈ ಬೆಲ್ಟಿನ ಪಾಲು ದೊಡ್ಡದು.

ಬೆಲ್ಟ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಊರಿನ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಮೋಟಾರಿನ ಕಡೆ ಒಂದು ಪುಲ್ಲಿ, ಕಲ್ಲಿನ ಕಡೆ ಒಂದು ಪುಲ್ಲಿ, ನಡುವೆ ಬೆಲ್ಟ್. ಮೋಟಾರಿನ ಪುಲ್ಲಿ ಸಣ್ಣದಿದ್ದು ಆಚೆಯದು ದೊಡ್ಡದಿದ್ದರೆ ಕಲ್ಲು ನಿಧಾನ ತಿರುಗುತ್ತದೆ, ಆದರೆ ಬಲ ಹೆಚ್ಚು. ಅದಲುಬದಲು ಮಾಡಿದರೆ ವೇಗ ಹೆಚ್ಚು, ಬಲ ಕಡಿಮೆ. ಗಿರಣಿಯಲ್ಲಿ ಪುಲ್ಲಿಯ ಅಳತೆ ಬದಲಾಗುವುದಿಲ್ಲ. ಸ್ಕೂಟರಿನಲ್ಲಿ ಓಡುತ್ತಿರುವಾಗಲೇ ಬದಲಾಗುತ್ತದೆ.

ಸ್ಕೂಟರಿನ ಪುಲ್ಲಿ ಎಂದರೆ ಎದುರುಬದುರು ಇಟ್ಟ ಎರಡು ಇಳಿಜಾರು ತಟ್ಟೆಗಳು. ತಟ್ಟೆಗಳು ಹತ್ತಿರ ಬಂದರೆ ನಡುವಿನ ಬೆಲ್ಟ್ ಮೇಲಕ್ಕೇರುತ್ತದೆ, ಅಂದರೆ ಪುಲ್ಲಿ ದೊಡ್ಡದಾದ ಹಾಗೆ. ದೂರ ಸರಿದರೆ ಬೆಲ್ಟ್ ಕೆಳಗಿಳಿಯುತ್ತದೆ, ಅಂದರೆ ಪುಲ್ಲಿ ಸಣ್ಣದಾದ ಹಾಗೆ. ಹೊರಡುವಾಗ ಮುಂದಿನ ಪುಲ್ಲಿ ಸಣ್ಣದು, ಹಿಂದಿನದು ದೊಡ್ಡದು. ಇದು ಮೊದಲ ಗೇರ್ ಇದ್ದಂತೆ. ವೇಗ ಏರಿದಂತೆ ಮುಂದಿನದು ದೊಡ್ಡದಾಗಿ ಹಿಂದಿನದು ಸಣ್ಣದಾಗುತ್ತದೆ. ಅದು ಟಾಪ್ ಗೇರ್.

ಕವಣೆ ಕಲ್ಲಿನ ಲೆಕ್ಕ

ಹಾಗಾದರೆ ತಟ್ಟೆಯನ್ನು ತಳ್ಳುವುದು ಯಾರು? ವೇರಿಯೇಟರ್ ಎಂದು ಕರೆಯುವ ಮುಂದಿನ ಪುಲ್ಲಿಯೊಳಗೆ ಸಾಮಾನ್ಯವಾಗಿ ಆರು ಸಣ್ಣ ರೋಲರ್‌ಗಳಿರುತ್ತವೆ. ಪ್ರತಿಯೊಂದೂ ಹೆಬ್ಬೆರಳ ತುದಿಯಷ್ಟು ದೊಡ್ಡದು, ಹೊರಗೆ ಪ್ಲಾಸ್ಟಿಕ್ಕಿನ ಹಾಗಿರುವ ಪದರ, ಒಳಗೆ ಲೋಹ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು, ಜೋರಾಗಿ ಬೀಸಿದಷ್ಟೂ ಕಲ್ಲು ಹೊರಗೆ ಜಗ್ಗುತ್ತದೆ. ಇಂಜಿನ್ ಜೋರಾಗಿ ತಿರುಗಿದಾಗ ಈ ರೋಲರ್‌ಗಳೂ ಹಾಗೆಯೇ ಹೊರಕ್ಕೆ ಜಗ್ಗಿ ಇಳಿಜಾರು ದಾರಿಯಲ್ಲಿ ಉರುಳಿ ತಟ್ಟೆಯನ್ನು ತಳ್ಳುತ್ತವೆ.

ಹಿಂದಿನ ಪುಲ್ಲಿಯಲ್ಲಿ ಒಂದು ಗಟ್ಟಿ ಸ್ಪ್ರಿಂಗ್ ಇದೆ. ಅದು ಇದಕ್ಕೆ ವಿರುದ್ಧವಾಗಿ ಬೆಲ್ಟನ್ನು ಹಿಂದಕ್ಕೆ ಎಳೆಯುತ್ತದೆ. ಏರು ಬಂದಾಗ ಇಂಜಿನ್ ನಿಧಾನವಾಗುತ್ತದೆ, ರೋಲರ್‌ಗಳ ಬಲ ಕುಗ್ಗುತ್ತದೆ, ಸ್ಪ್ರಿಂಗ್ ಗೆಲ್ಲುತ್ತದೆ, ಬೆಲ್ಟ್ ಮತ್ತೆ ‘ಮೊದಲ ಗೇರಿನ’ ಕಡೆ ಬರುತ್ತದೆ. ನೀವು ಏನೂ ಮಾಡದೆ ಗೇರ್ ಇಳಿಯಿತು. ರೋಲರ್ ಮತ್ತು ಸ್ಪ್ರಿಂಗಿನ ಈ ಹಗ್ಗಜಗ್ಗಾಟವೇ ಸ್ಕೂಟರಿನ ಗೇರ್ ಬಾಕ್ಸ್.

ತೀರ್ಥಹಳ್ಳಿಯ ಗಾಡಿಯಲ್ಲಿ ಕೆಟ್ಟಿದ್ದು ಇದೇ. ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಶೆಡ್ ಇಟ್ಟುಕೊಂಡಿರುವ ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಕವರ್ ಬಿಚ್ಚಿ ರೋಲರ್‌ಗಳನ್ನು ಅಂಗೈ ಮೇಲೆ ಸುರಿದು ತೋರಿಸಿದರು. ಗುಂಡಗೆ ಇರಬೇಕಾದವು ಸವೆದ ಸಾಬೂನಿನ ಹಾಗೆ ಒಂದು ಮಗ್ಗುಲು ಚಪ್ಪಟೆಯಾಗಿದ್ದವು. ಚಪ್ಪಟೆಯಾದ ರೋಲರ್ ಉರುಳುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಏರಿನಲ್ಲಿ ಹಿಂದೆ ಸರಿಯಬೇಕಾದಾಗ ಸರಿಯುವುದಿಲ್ಲ. ಗಾಡಿ ಟಾಪ್ ಗೇರಿನಲ್ಲೇ ದಿಬ್ಬ ಹತ್ತಲು ನೋಡುತ್ತದೆ.

‘ಅಮ್ಮ, ಇಂಜಿನ್ನಿಗೆ ಏನೂ ಆಗಿಲ್ಲ. ಪಾಪ ಅದು ಎಳೀತಾನೇ ಇದೆ, ಇವು ಬಿಡ್ತಿಲ್ಲ ಅಷ್ಟೆ’ ಅಂದರು.

ಬೆಲ್ಟಿನ ಒಳಮೈ ಬಿರುಕು ಬಿಟ್ಟಿತ್ತು. ಕ್ಲಚ್ ಶೂ ಹೊಳೆಯುತ್ತಿದ್ದವು. ಏರ್ ಫಿಲ್ಟರಿನಲ್ಲಿ ಒಂದು ಹಿಡಿ ಧೂಳು. ಕಂಪನಿ ತೂಕದ ಹೊಸ ರೋಲರ್ ಸೆಟ್, ಹೊಸ ಬೆಲ್ಟ್, ಫಿಲ್ಟರ್, ಗೇರ್ ಆಯಿಲ್, ಲೇಬರ್ ಎಲ್ಲಾ ಸೇರಿ 1,650 ರೂಪಾಯಿ ಆಯಿತು. ಅದೇ ಚಡಾವನ್ನು ಗಾಡಿ 28–30ರ ವೇಗದಲ್ಲಿ ಹತ್ತಿತು. 9,000 ಎಲ್ಲಿ, 1,650 ಎಲ್ಲಿ!

ಹಾಗಾಗಿ ನಮ್ಮ ಮೊದಲ ಮಾತು ಇದು. ಟ್ಯೂನಿಂಗ್ ಎಂದರೆ ಮೊದಲು ಗಾಡಿಯನ್ನು ಅದು ಇದ್ದ ಸ್ಥಿತಿಗೆ ತರುವುದು. ಹಗುರ ರೋಲರ್, ಗಟ್ಟಿ ಸ್ಪ್ರಿಂಗ್ ಎಲ್ಲಾ ಆಮೇಲಿನ ಮಾತು.

ಕಿವಿಯಿಂದಲೇ ಅರ್ಧ ಪರೀಕ್ಷೆ

ಗ್ಯಾರೇಜಿಗೆ ಹೋಗುವ ಮೊದಲು ನೀವೇ ನೋಡಬಹುದಾದದ್ದು ಬಹಳ ಇದೆ. ಟೈರಿನಲ್ಲಿ ಗಾಳಿ ಸರಿಯಿದೆಯೇ? ಮೇನ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಇರುವಾಗ ಹಿಂದಿನ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ? ಏರ್ ಫಿಲ್ಟರ್ ಕಟ್ಟಿದೆಯೇ? ಇವು ಮೂರೂ ಸರಿಯಿದ್ದರೆ ಗಾಡಿಯ ಸದ್ದು ಕೇಳಿ.

ಏರಿನಲ್ಲಿ ಇಂಜಿನ್ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದರೆ ಬೆಲ್ಟ್ ಅಥವಾ ಕ್ಲಚ್ ಜಾರುತ್ತಿರಬಹುದು. ಸುಟ್ಟ ರಬ್ಬರಿನ ವಾಸನೆ ಬಂದರೆ ಅನುಮಾನ ಇನ್ನೂ ಗಟ್ಟಿ. ಸದ್ದು ದಪ್ಪಗಾಗಿ, ಉಬ್ಬಸ ಬಂದ ಹಾಗೆ ಗುರುಗುಟ್ಟಿ ನಿಂತುಬಿಡುತ್ತದೆ ಎಂದರೆ ಬೆಲ್ಟ್ ಟಾಪಿನಲ್ಲೇ ಸಿಕ್ಕಿಕೊಂಡಿರಬಹುದು, ರೋಲರ್ ನೋಡಿ. ಹೊರಡುವಾಗ ಗಾಡಿ ಗಡಗಡ ನಡುಗಿದರೆ ಕ್ಲಚ್ ಶೂ ನುಣುಪಾಗಿರುವ ಲಕ್ಷಣ. ಅದಕ್ಕೆ ಕೆಲವೊಮ್ಮೆ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಧೂಳು ಒರೆಸಿದರೂ ಸಾಕು. ಇಂಜಿನ್ನೇ ಹೋಗಿದ್ದರೆ ಬೇರೆ ಗುರುತುಗಳಿರುತ್ತವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ, ಇಂಜಿನ್ ಆಯಿಲ್ ಬೇಗ ಕಡಿಮೆಯಾಗುತ್ತದೆ.

ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟ ಇನ್ನೊಂದು ಉಪಾಯ ನಮಗೆ ಬಹಳ ಹಿಡಿಸಿತು. ಕವರ್ ಬಿಚ್ಚಿದಾಗ ಮುಂದಿನ ಪುಲ್ಲಿಯ ತಟ್ಟೆಯ ಮೇಲೆ ನಡುವಿನಿಂದ ಅಂಚಿನವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಕವರ್ ಹಾಕಿ, ಖಾಲಿ ಇರುವ ನೇರ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಬಂದು ಮತ್ತೆ ಬಿಚ್ಚಿ. ಬೆಲ್ಟ್ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೆ ಗೆರೆ ಅಳಿಸಿರುತ್ತದೆ. ಅಂಚಿನ ಬಳಿ ಬಹಳಷ್ಟು ಗೆರೆ ಹಾಗೇ ಉಳಿದಿದ್ದರೆ ಬೆಲ್ಟ್ ಪೂರ್ತಿ ಏರುತ್ತಿಲ್ಲ ಎಂದರ್ಥ. ಬೆಲ್ಟ್ ಸವೆದು ಅಗಲ ಕಡಿಮೆಯಾಗಿರಬಹುದು, ರೋಲರ್ ಸವೆದಿರಬಹುದು, ಇಲ್ಲವೇ ರೋಲರ್ ಅತಿ ಹಗುರವಾಗಿರಬಹುದು. ಹತ್ತು ರೂಪಾಯಿಯ ಪೆನ್ನು ಸಾವಿರಾರು ರೂಪಾಯಿಯ ಅನುಮಾನ ಬಗೆಹರಿಸುತ್ತದೆ.

ಮೂರು ರಸ್ತೆ, ಮೂರು ಉತ್ತರ

ಕೋಲಾರ ಜಿಲ್ಲೆಯಲ್ಲಿ, ಬೆಂಗಳೂರು–ಕೋಲಾರ ಹೆದ್ದಾರಿ ಪಕ್ಕದ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಇದೆ. ಟಿವಿಎಸ್ ಸ್ಕೂಟರ್‌ಗಳು ಮೈಸೂರಿನಲ್ಲಿ ತಯಾರಾಗುತ್ತವೆ. ಇಂಥ ಕಾರ್ಖಾನೆಯ ಗೇಟಿನಿಂದ ಹೊರಬರುವ ಗಾಡಿಗೆ ತಾನು ಆಗುಂಬೆ ಕಡೆ ಹೋಗುತ್ತೇನೋ, ಸಿಂಧನೂರಿಗೆ ಹೋಗುತ್ತೇನೋ ಗೊತ್ತಿರುವುದಿಲ್ಲ. ಎಲ್ಲಾ ಊರಿಗೂ ಸರಾಸರಿ ಒಗ್ಗುವ ತೂಕದ ರೋಲರ್ ಹಾಕಿರುತ್ತಾರೆ. ಆ ಸರಾಸರಿಯಿಂದ ನಮ್ಮ ರಸ್ತೆ ಎಷ್ಟು ದೂರ ಇದೆ ಎನ್ನುವುದೇ ಪ್ರಶ್ನೆ.

ರೋಲರ್ ಹಗುರ ಮಾಡಿದರೆ ತಟ್ಟೆ ತಳ್ಳಲು ಇಂಜಿನ್ ಇನ್ನಷ್ಟು ಜೋರಾಗಿ ತಿರುಗಬೇಕು. ಹಾಗಾಗಿ ಗೇರ್ ತಡವಾಗಿ ಏರುತ್ತದೆ, ಎಳೆತ ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಭಾರ ಮಾಡಿದರೆ ಗೇರ್ ಬೇಗ ಏರುತ್ತದೆ, ಇಂಜಿನ್ ತಣ್ಣಗೆ ಓಡುತ್ತದೆ, ಆದರೆ ಪಿಕಪ್ ಸಾಯುತ್ತದೆ. ಲೆಕ್ಕ ಸುಲಭ. ರೋಲರಿನ ತೂಕ ಶೇ. 10 ಕಡಿಮೆಯಾದರೆ ಅದೇ ಬಲಕ್ಕೆ ಇಂಜಿನ್ ಸುಮಾರು ಶೇ. 5 ಹೆಚ್ಚು ತಿರುಗಬೇಕು. 5,500 ಸುತ್ತಿನಲ್ಲಿ ಆಗುತ್ತಿದ್ದ ಕೆಲಸ 5,800ರಲ್ಲಿ ಆಗುತ್ತದೆ. ಇಷ್ಟೇ. ಇಂಜಿನ್ನಿನ ಶಕ್ತಿ ಒಂದು ಕಾಳಿನಷ್ಟೂ ಹೆಚ್ಚುವುದಿಲ್ಲ. ಇರುವ ಶಕ್ತಿ ಯಾವ ಹೊತ್ತಿಗೆ ಚಕ್ರಕ್ಕೆ ಸಿಗಬೇಕು ಎನ್ನುವುದು ಮಾತ್ರ ಬದಲಾಗುತ್ತದೆ.

ತೀರ್ಥಹಳ್ಳಿಯಲ್ಲಿ ಕಂಪನಿ ತೂಕದಲ್ಲಿ ಒಂದು ತಿಂಗಳು ಓಡಿಸಿದ ಮೇಲೆ ಶೇ. 10ರಷ್ಟು ಹಗುರ ರೋಲರ್ ಹಾಕಿ ನೋಡಿದೆವು. ಚಡಾವಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡರೂ ಗಾಡಿ ಏದುಸಿರು ಬಿಡಲಿಲ್ಲ. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದಾಗ ಮೈಲೇಜ್ 46ರಿಂದ 43ಕ್ಕೆ ಇಳಿದಿತ್ತು. ಮಗಳು ‘ತೆಗೆಸಿಬಿಡೋಣವಾ?’ ಅಂದಳು. ಅಮ್ಮ ಡೈರಿ ತೆಗೆದು ಲೆಕ್ಕ ಮಾಡಿದರು. ತಿಂಗಳಿಗೆ 500 ಕಿ.ಮೀ. ಓಡಿದರೆ ಹೆಚ್ಚು ಬೇಕಾಗುವುದು ಮುಕ್ಕಾಲು ಲೀಟರ್. ‘ಎಂಬತ್ತು ರೂಪಾಯಿ ಹೋದ್ರೆ ಹೋಗ್ಲಿ ಮಾರಾಯ್ತಿ. ತುಂಬಿದ ಬಸುರಿನ ಇಳಿಸಿ ನಡೆಸೋದು ತಪ್ಪಿತಲ್ಲ’ ಅಂದರು. ರೋಲರ್ ಹಾಗೇ ಉಳಿಯಿತು.

ರಾಯಚೂರಿನ ಕಥೆ ತದ್ವಿರುದ್ಧ. ನಮ್ಮ ಗೆಳೆಯನ ತಮ್ಮ ಮೊಬೈಲಿನಲ್ಲಿ ವಿಡಿಯೋ ನೋಡಿ ಇನ್ನೂ ಹಗುರ ರೋಲರ್ ಹಾಕಿಸಿದ್ದ. ಸಿಗ್ನಲ್ಲಿನಲ್ಲಿ ಗಾಡಿ ಹಾರುತ್ತಿತ್ತು, ನಿಜ. ಆದರೆ ಅವನು ದಿನಾ ಓಡುವುದು ಗೆರೆ ಎಳೆದ ಹಾಗಿರುವ 40 ಕಿ.ಮೀ. ಬಯಲು ರಸ್ತೆ. ಹತ್ತಲು ದಿಬ್ಬವೇ ಇಲ್ಲ! ಇಂಜಿನ್ ದಾರಿಯುದ್ದಕ್ಕೂ ಸುಮ್ಮನೆ ಕಿರುಚುತ್ತಿತ್ತು, ಮೈಲೇಜ್ 50ರಿಂದ 44ಕ್ಕೆ ಬಿದ್ದಿತ್ತು. ಟಾಪ್ ಸ್ಪೀಡ್ ಹೆಚ್ಚಾಗಲಿಲ್ಲ, ಕಡಿಮೆಯೇ ಆಯಿತು. ಮಾರ್ಕರ್ ಗೆರೆ ನೋಡಿದರೆ ಬೆಲ್ಟ್ ಅಂಚಿಗೆ ತಲುಪುತ್ತಲೇ ಇರಲಿಲ್ಲ. ಹಳೇ ತೂಕಕ್ಕೆ ಮರಳಿದ ಮೇಲೆ ‘ಈಗ ಆರಾಮ ಐತಿ ನೋಡು’ ಅಂದ. ಅವನ ಗಾಡಿಗೆ ಬೇಕಾಗಿದ್ದು ಬೇರೆಯೇ ಇತ್ತು. ಎರೆಮಣ್ಣಿನ ಧೂಳು ಬೆಲ್ಟ್ ಕವರಿನೊಳಗೆ ತುಂಬಿತ್ತು. ಆ ಕಡೆಯವರಿಗೆ ತೂಕ ಬದಲಿಸುವುದಕ್ಕಿಂತ ಆಗಾಗ ಬಿಚ್ಚಿ ಒಣ ಬಟ್ಟೆ, ಬ್ರಷ್‌ನಿಂದ ಕ್ಲೀನ್ ಮಾಡಿಸುವುದೇ ಟ್ಯೂನಿಂಗ್. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ಕೋಲಾರದ ಮನೆಯ ಗಾಡಿ ಬೆಳಿಗ್ಗೆ ಸಂಜೆ ಹಾಲಿನ ಕ್ಯಾನ್ ಹೊತ್ತು ಡೈರಿಗೆ ಹೋಗುತ್ತದೆ. ಭಾರ ಇದೆ, ಆದರೆ ದೂರ ಕಡಿಮೆ, ಏರು ಸಣ್ಣದು. ಅಲ್ಲಿ ಕಂಪನಿ ತೂಕವೇ ಸರಿ ಎನಿಸಿತು. ಬದಲಿಸಬೇಕಾದದ್ದು ದಣಿದ ಹಿಂದಿನ ಸ್ಪ್ರಿಂಗ್ ಒಂದೇ. ಅದೂ ಕಂಪನಿಯದ್ದೇ. ಹೆಚ್ಚು ಗಟ್ಟಿ ಸ್ಪ್ರಿಂಗ್ ಹಾಕಿದರೆ ಏರಿನಲ್ಲಿ ಗೇರ್ ಚುರುಕಾಗಿ ಇಳಿಯುತ್ತದೆ, ಆದರೆ ಬೆಲ್ಟ್ ಬಿಸಿಯಾಗಿ ಬೇಗ ಸವೆಯುತ್ತದೆ. ಕ್ಲಚ್ಚಿನ ಸಣ್ಣ ಸ್ಪ್ರಿಂಗ್ ಬದಲಿಸುವುದು ರೇಸಿನವರ ಕೆಲಸ, ನಮಗೆ ಬೇಡ.

ಬಿಚ್ಚುವವರು ಗಮನಿಸಬೇಕಾದದ್ದು

ಕೆಲಸ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಪಕ್ಕದಲ್ಲಿ ನಿಂತು ನೋಡಲು ಇವು ನೆನಪಿರಲಿ.

ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ರೋಲರಿನ ಎರಡು ಮುಖ ಒಂದೇ ರೀತಿ ಇರುವುದಿಲ್ಲ, ಯಾವ ಮುಖ ಯಾವ ಕಡೆ ಇತ್ತೋ ಹಾಗೇ ಕೂರಬೇಕು. ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ತಿರುಗುವ ದಿಕ್ಕಿಗೇ ಇರಲಿ.

ಬೆಲ್ಟಿಗಾಗಲಿ, ಪುಲ್ಲಿಯ ತಟ್ಟೆಗಾಗಲಿ ಎಣ್ಣೆ, ಗ್ರೀಸ್ ತಾಗಬಾರದು. ತಾಗಿದರೆ ಬೆಲ್ಟ್ ಜಾರುತ್ತದೆ.

ಆರೂ ರೋಲರ್ ಒಟ್ಟಿಗೇ ಬದಲಿಸಿ. ಹಳೆಯದರ ಜೊತೆ ಹೊಸದು ಬೆರೆಸಬೇಡಿ. ನಡುವಿನ ತೂಕ ಬೇಕಿದ್ದರೆ ಎರಡು ತೂಕದ ಹೊಸ ರೋಲರ್ ಮೂರು ಮೂರು ತಂದು ಒಂದು ಬಿಟ್ಟು ಒಂದು ಜೋಡಿಸುತ್ತಾರೆ.

ಪುಲ್ಲಿ ತಿರುಗದಂತೆ ತಡೆಯಲು ಫ್ಯಾನಿನ ರೆಕ್ಕೆಗೆ ಸ್ಕ್ರೂ ಡ್ರೈವರ್ ಕೊಟ್ಟರೆ ರೆಕ್ಕೆ ಮುರಿಯುತ್ತದೆ. ಅದಕ್ಕೆಂದೇ ಹಿಡಿಯುವ ಟೂಲ್ ಇದೆ.

ಎಲ್ಲಕ್ಕಿಂತ ಮುಖ್ಯ ಮುಂದಿನ ನಟ್. ಅದನ್ನು ಬಿಗಿಯುವಾಗ ಬೆಲ್ಟನ್ನು ಹಿಂದಿನ ಪುಲ್ಲಿಯೊಳಗೆ ಒತ್ತಿ, ಮುಂದೆ ಸಡಿಲ ಇರುವಂತೆ ನೋಡಿಕೊಳ್ಳಬೇಕು. ಬೆಲ್ಟ್ ಎರಡು ತಟ್ಟೆಗಳ ನಡುವೆ ಸಿಕ್ಕಿಕೊಂಡರೆ ನಟ್ ಬಿಗಿಯಾದ ಹಾಗೆ ಕಾಣುತ್ತದೆ, ಓಡಿದ ಮೇಲೆ ಸಡಿಲವಾಗುತ್ತದೆ. ಆಮೇಲೆ ಒಳಗಿನ ಹಲ್ಲುಗಳೇ ಹೋಗುತ್ತವೆ. ಆಗ ನಿಜಕ್ಕೂ ದೊಡ್ಡ ಬಿಲ್.

ಕವರ್ ಬಿಚ್ಚಿಟ್ಟು ಇಂಜಿನ್ ಸ್ಟಾರ್ಟ್ ಮಾಡಲು ಬಿಡಬೇಡಿ. ಸೆರಗು, ದುಪಟ್ಟಾ, ಮಕ್ಕಳ ಬೆರಳು ಎಲ್ಲಕ್ಕೂ ಅಪಾಯ. ಗಾಡಿ ವಾರಂಟಿಯಲ್ಲಿದ್ದರೆ ಬೇರೆ ತೂಕದ ರೋಲರ್ ಯೋಚನೆಯೇ ಬೇಡ.

ಹತ್ತುವುದು ಒಂದು, ಇಳಿಯುವುದು ಇನ್ನೊಂದು

ಘಟ್ಟದ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಗೇರ್ ಬೈಕಿನಲ್ಲಿ ಎರಡನೇ ಗೇರ್ ಹಾಕಿದರೆ ಇಳಿಜಾರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯುತ್ತದೆ. ಸ್ಕೂಟರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನಿಧಾನವಾದಾಗ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ. ಆಗ ಗಾಡಿಯನ್ನು ಹಿಡಿಯುವುದು ಬ್ರೇಕ್ ಮಾತ್ರ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು ಹಿಡಿತ ಕಡಿಮೆಯಾಗುತ್ತದೆ. ಗಾಡಿ ಹಗುರಾಗಿ ಜಾರತೊಡಗಿದೆ ಅನಿಸಿದಾಗ ಒಂದು ಚೂರು ಆಕ್ಸಿಲರೇಟರ್ ಕೊಟ್ಟು ಬಿಟ್ಟರೆ ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ, ಇಂಜಿನ್ ಸ್ವಲ್ಪ ಹಿಡಿಯುತ್ತದೆ. ಪೆಟ್ರೋಲ್ ಉಳಿಸಲೆಂದು ಇಳಿಜಾರಿನಲ್ಲಿ ಕೀ ಆಫ್ ಮಾಡುವ ಅಭ್ಯಾಸ ಇರುವವರು ದಯವಿಟ್ಟು ಬಿಡಿ. ಹತ್ತುವ ಬಲ ಹೆಚ್ಚಿಸಿಕೊಂಡವರು ಬ್ರೇಕ್ ಶೂ ಕೂಡ ಅದೇ ದಿನ ನೋಡಿಸಿಕೊಳ್ಳಲಿ.

ಗಾಡಿಯ ವಿಷಯ ಗಂಡಸರ ವಿಷಯ ಎಂಬ ಭಾವನೆ ನಮ್ಮ ಊರುಗಳಲ್ಲಿ ಇನ್ನೂ ಇದೆ. ಗ್ಯಾರೇಜಿನಲ್ಲಿ ಹೆಂಗಸರು ನಿಂತರೆ ಏನಾಗಿದೆ ಎಂದು ವಿವರಿಸುವುದಿಲ್ಲ, ಎಷ್ಟಾಗುತ್ತದೆ ಎಂದು ಮಾತ್ರ ಹೇಳುತ್ತಾರೆ. ಒಳಗೇನಿದೆ ಎಂದು ಒಮ್ಮೆ ತಿಳಿದರೆ ಕೇಳುವ ಪ್ರಶ್ನೆಯೇ ಬದಲಾಗುತ್ತದೆ. ಮುಂದಿನ ಸಲ ಯಾರಾದರೂ ‘ಇಂಜಿನ್ ಬಿಚ್ಚಬೇಕು’ ಅಂದಾಗ ಇಷ್ಟು ಹೇಳಿ: ‘ಅಣ್ಣ, ಮೊದ್ಲು ಬೆಲ್ಟ್ ಕವರ್ ಬಿಚ್ಚಿ ರೋಲರ್ ತೋರ್ಸಿ.’ ಬಿಚ್ಚಿದ ಹಳೇ ರೋಲರ್‌ಗಳನ್ನು ಕೇಳಿ ಮನೆಗೆ ತನ್ನಿ. ಚಪ್ಪಟೆಯಾಗಿವೆಯೋ, ಗುಂಡಗಿವೆಯೋ ಎಂದು ನಿಮ್ಮ ಅಂಗೈಯೇ ಹೇಳುತ್ತದೆ.